ಮಣೂಕದ ಉಡಿ

ಅಥಣಿ ದಾಟಿ ಬಸ್ಸು ತೆಲಸಂಗದ ದಾರಿ ಹಿಡಿಯಿತೆಂದರೆ ಕಿಟಕಿಯೊಳಗೆ ಮೊದಲು ಬರುವುದು ವಾಸನೆ. ಒಣಗುತ್ತಿರುವ ದ್ರಾಕ್ಷಿಯ ಸಿಹಿ, ದ್ರಾಕ್ಷಿ ಅದ್ದುವ ಎಣ್ಣೆಯ ಜಿಡ್ಡು, ಮೇಲೆ ತೆಳುವಾಗಿ ಗಂಧಕದ ಹೊಗೆ. ಒಣದ್ರಾಕ್ಷಿಗೆ ನಮ್ಮ ಕಡೆ ಮಣೂಕ ಅನ್ನುತ್ತೇವೆ. ಅದನ್ನು ಒಣಗಿಸುವ ಶೆಡ್ಡುಗಳಿಗೆ ಗೋಡೆ ಇರುವುದಿಲ್ಲ. ಮೇಲೆ ತಗಡು, ಕೆಳಗೆ ಅಂತಸ್ತು ಅಂತಸ್ತಾಗಿ ಬಿಗಿದ ಬಲೆ, ಬಲೆಯ ಮೇಲೆ ಹರವಿದ ಹಣ್ಣು, ಗಾಳಿಗೆ ನಾಲ್ಕೂ ಕಡೆ ಬಾಗಿಲು. ಈ ಮಾರ್ಚಿನಲ್ಲಿ ನಿಪ್ಪಾಣಿಯಿಂದ ತಮ್ಮನ ಊರಿಗೆ ಹೊರಟಿದ್ದೆ. ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ, ಅಥಣಿ ದಾಟುವವರೆಗೂ ತೂಕಡಿಸುತ್ತಲೇ ಇದ್ದವಳು, ಆ ವಾಸನೆ ಬಡಿದ ಕೂಡಲೇ ನೆಟ್ಟಗೆ ಕುಳಿತೆ. ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ನಮ್ಮ ಬೆನ್ನಿಗೆ ಸ್ಕೇಲ್ ಹಚ್ಚಿ “ಪೋಸ್ಚರ್, ಗರ್ಲ್ಸ್, ಪೋಸ್ಚರ್!” ಅನ್ನುತ್ತಿದ್ದರು. ಈ ವಯಸ್ಸಿನಲ್ಲೂ ಒಳಗೆ ಏನಾದರೂ ಕದಡಿದರೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಕದಡಿದ್ದು ಕೆಲವು ವರ್ಷಗಳ ಹಿಂದಿನ ಎಮ್ಮೆಲ್ಲೆ ಎಲೆಕ್ಷನ್ನಿನ ಬೇಸಿಗೆ.

ನನ್ನ ತಮ್ಮನ ಹೆಸರು ಬಾಹುಬಲಿ, ಎಲ್ಲರಿಗೂ ಬಾಪು. ನಾವು ಜೈನರು, ಅಜ್ಜನ ಅಜ್ಜನ ಕಾಲದಿಂದ ಅಲ್ಲಿ ಹೊಲಮನೆ ಇದ್ದವರು. ಬಾಪು ಮದುವೆಯಾಗಲಿಲ್ಲ. ಹೊಲಕ್ಕೆ ದ್ರಾಕ್ಷಿ ಹಚ್ಚುವಾಗ ಬಳ್ಳಿ ಕಸಿ ಮಾಡಲೆಂದು ನಿಪ್ಪಾಣಿ ಕಡೆಯ ಭೋಜದಿಂದ ವಸಂತ ಎಂಬವನನ್ನು ಕರೆಸಿಕೊಂಡ. ಬಳ್ಳಿ ಹತ್ತಿದವು, ವಸಂತ ಹಿಂತಿರುಗಲಿಲ್ಲ. ಅದಾಗಿ ಮೂವತ್ತು ವರ್ಷದ ಮೇಲಾಯಿತು. ವಸಂತ ಮರಾಠಿ ಮನೆಯವನು. ಬಾಪುವಿನ ಜೊತೆ ಹೊತ್ತು ಮುಳುಗುವ ಮೊದಲೇ ಉಣ್ಣಲು ಕಲಿತ, ಉಳ್ಳಾಗಡ್ಡಿ ಬೆಳ್ಳುಳ್ಳಿ ಬಿಟ್ಟ. ಅಡಿಗೆ ಅವನದು, ಸೊಸೈಟಿ, ಕೋರ್ಟು, ಕಾಲುವೆ ನೀರಿನ ಓಡಾಟ ಬಾಪುವಿನದು. ಇಬ್ಬರಿಗೂ ಸೇರಿ ಊರು ಇಟ್ಟ ಹೆಸರು ‘ಶೆಡ್ಡಿನವರು’. ಊರು ಏನೂ ಕೇಳಲಿಲ್ಲ, ಅವರು ಏನೂ ಹೇಳಲಿಲ್ಲ. ನಾನು ಫೋನಿನಲ್ಲಿ “ಹೌ ಈಸ್ ವಸಂತ?” ಎಂದು ಕೇಳುತ್ತಿದ್ದೆ. “ಅದಾನ, ರೊಟ್ಟಿ ಬಡ್ಯಾಕತ್ತಾನ” ಎಂದು ಬಾಪು ಹೇಳುತ್ತಿದ್ದ. ಇಂಗ್ಲಿಷ್ ಕಾದಂಬರಿಗಳಲ್ಲಿ ಪುಟಗಟ್ಟಲೆ ಬರೆಯುವ ವಿಷಯ ನಮ್ಮಲ್ಲಿ ಅಷ್ಟರಲ್ಲೇ ಮುಗಿಯುತ್ತಿತ್ತು.

ಆ ಎಲೆಕ್ಷನ್ನಿಗೆ ಹಿಂದಿನ ವರ್ಷ ವಸಂತನಿಗೆ ಎದೆನೋವು ಬಂತು. ಬಾಪು ಬಾಡಿಗೆ ಗಾಡಿ ಮಾಡಿ ಮಿರಜಿನ ದವಾಖಾನೆಯೊಂದಕ್ಕೆ ಕರೆದೊಯ್ದ. ಆಪರೇಷನ್ನಿಗೆ ಮನೆಯವರ ರುಜು ಬೇಕೆಂದರು. ನೀವು ಏನಾಗಬೇಕು ಎಂದು ಕೇಳಿದರು. ಭೋಜದಿಂದ ವಸಂತನ ತಂಗಿ ಬಂದು ರುಜು ಹಾಕುವ ತನಕ ನನ್ನ ತಮ್ಮ ಕಾರಿಡಾರಿನ ಬೆಂಚಿನ ಮೇಲೆ ವಸಂತನ ಚಪ್ಪಲಿಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದನಂತೆ. ವಸಂತ ಉಳಿದ. ಆದರೆ ಆ ಬೆಂಚು ಬಾಪುವಿನ ತಲೆಯಿಂದ ಹೋಗಲಿಲ್ಲ.

ಅದನ್ನು ಅವನು ಹೇಳಿಕೊಂಡದ್ದು ನನ್ನ ಹತ್ತಿರವಲ್ಲ, ಕಸ್ತೂರಕ್ಕನ ಹತ್ತಿರ. ಕಸ್ತೂರಕ್ಕ ನಮ್ಮ ಕ್ಷೇತ್ರದ ಎಮ್ಮೆಲ್ಲೆ. ಅದಕ್ಕೂ ಮೊದಲು ತಾಲ್ಲೂಕು ಕೋರ್ಟಿನ ವಕೀಲೆ. ಬಾಪುವಿನ ಬದುವಿನ ತಕರಾರು ನಡೆಸಿಕೊಟ್ಟಿದ್ದಳು. ಇಂಥ ವಿಷಯದಲ್ಲಿ ಬಾಯಿ ಬಿಟ್ಟ ಬೇರೆ ರಾಜಕಾರಣಿಯನ್ನು ನಾನು ನಮ್ಮ ಸೀಮೆಯಲ್ಲಿ ಕಾಣೆ. ಗಂಡು ಗಂಡಿನ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟು ಹೇಳಿ ಕೆಲವು ವರ್ಷಗಳಾಗಿದ್ದರೂ, ಒಂದೂರಿನಲ್ಲಿ ಇಬ್ಬರು ಹುಡುಗರನ್ನು ಪೊಲೀಸರು ಲಾಡ್ಜಿನಿಂದ ಎತ್ತಿಕೊಂಡು ಹೋಗಿದ್ದರು. ಕಸ್ತೂರಕ್ಕ ಠಾಣೆಗೆ ಹೋಗಿ, ಕಟ್ಟಿಗೆ ಬೆಂಚಿನ ಮೇಲೆ ಕುಳಿತು, ತೀರ್ಪನ್ನು ಪಾಠ ಓದಿದಂತೆ ಗಟ್ಟಿಯಾಗಿ ಓದಿದಳು, ಹುಡುಗರನ್ನು ಬಿಡುವ ತನಕ. ಬಾಪು ಕಾಲುವೆಯ ಕೆಲಸಕ್ಕೆಂದು ಆಕೆಯ ಆಫೀಸಿಗೆ ಹೋದವನು, ಕಾಲುವೆ ಬಿಟ್ಟು ಮಿರಜಿನ ಬೆಂಚಿನ ಕತೆ ಹೇಳಿ ಬಂದ.

ಬೆಳಗಾವಿಯ ಚಳಿಗಾಲದ ಅಧಿವೇಶನದಲ್ಲಿ ಆಕೆ ಎದ್ದು ನಿಂತಳು. ನಮ್ಮಲ್ಲಿ ಇಬ್ಬರು ವಯಸ್ಸಾದ ರೈತರಿದ್ದಾರೆ, ಮೂವತ್ತು ವರ್ಷ ಒಂದೇ ಒಲೆಯ ಅನ್ನ ಉಂಡವರು, ಒಬ್ಬರ ಜೀವಕ್ಕೆ ಇನ್ನೊಬ್ಬರು ರುಜು ಹಾಕುವಂತಿಲ್ಲ, ಇದಕ್ಕೆ ಸರಕಾರ ಏನಾದರೂ ದಾರಿ ಮಾಡಬೇಕು ಎಂದಳು. ಹೆಸರು ಹೇಳಲಿಲ್ಲ, ಊರು ಹೇಳಲಿಲ್ಲ. ಆದರೆ ಮಾತಿನ ಭರದಲ್ಲಿ ದ್ರಾಕ್ಷಿ ಎಂದಳು, ಮಣೂಕದ ಶೆಡ್ಡು ಎಂದಳು. ಬೆಂಗಳೂರಿನಿಂದ ಬಂದ ಶಾಸಕರಿಗೆ ಅದು ಯಾರೋ ಇಬ್ಬರು ಮುದುಕರು. ನಮ್ಮೂರಿಗೆ ಅದು ಅಡ್ರೆಸ್.

ಚುನಾವಣೆ ಹತ್ತಿರ ಬಂದಂತೆ ಆ ಮಾತಿನ ತುಣುಕು ಎಲ್ಲರ ಮೊಬೈಲಿಗೆ ಬಂತು. ಬಾಪುವಿನ ಪಕ್ಕದ ತೋಟದ ಅಣ್ಣಾಸಾಬ ಎದುರು ಪಾರ್ಟಿಯವನು. ಅವನು ಟೆಂಪೋ ಮೇಲೆ ಸ್ಪೀಕರ್ ಕಟ್ಟಿ ಅದನ್ನೇ ಊರ ತುಂಬ ಹಾಕಿಸಿದ. ಕಸ್ತೂರಕ್ಕನ ದನಿ ಮುಗಿದ ಮೇಲೆ ಅವನ ದನಿ: “ಇಂಥಾ ಕೆಲಸಕ್ಕ ಈಕೀನ್ನ ಆರಿಸಿ ಕಳಿಸಿದ್ರೇನ್ರಿ ನೀವು?” ಅದೇ ಹೊತ್ತಿಗೆ ನನಗೆ ಬಾಪುವಿನ ಫೋನ್ ಬಂತು.

“ಅಕ್ಕಾ, ಈ ಸುಗ್ಗಿಗೆ ಬಂದು ಇಲ್ಲೇ ಇರ್ತಿ ಏನು? ಮನ್ಯಾಗ ಒಂದ ಹೆಣ್ಣಜೀವ ಇದ್ರ ನೋಡಾವ್ರಿಗೆ ಬ್ಯಾರೆ ಕಾಣತೈತಿ.”

ಬಾಪು ತನಗಾಗಿ ಏನನ್ನೂ ಕೇಳಿದವನಲ್ಲ. ನಾನು ಮರುದಿನವೇ ಹೊರಟೆ.

ಎಂಥ ಬಿಸಿಲು ಆ ವರ್ಷ! ಮಧ್ಯಾಹ್ನ ತಗಡಿನ ಕೆಳಗೆ ನಿಂತರೆ ನೆತ್ತಿ ಸುಡುತ್ತಿತ್ತು, ಆದರೆ ಮಣೂಕಕ್ಕೆ ಅಂಥ ಬಿಸಿಗಾಳಿಯೇ ಬೇಕು. ಬೆಳಿಗ್ಗೆ ಹೆಣ್ಣಾಳುಗಳು ಕ್ರೇಟುಗಳಲ್ಲಿ ಹಣ್ಣು ಅದ್ದಿ ಬಲೆಯ ಮೇಲೆ ಹರವುವರು. ಒಣಗಿದ ಬಲೆಗಳನ್ನು ವಸಂತ ಇಳಿಸುವನು; ಒಂದೊಂದು ಮುಷ್ಟಿ ಎತ್ತಿ ಕಿವಿಯ ಹತ್ತಿರ ಹಿಡಿದು ಉಜ್ಜಿ, ಸದ್ದಿನಿಂದಲೇ ಒಣಗಿದೆಯೋ ಇಲ್ಲವೋ ಹೇಳುವನು. “ಪದ್ದಕ್ಕಾ, ನಿಮ್ಮ ಇಂಗ್ಲಿಷ್‌ದಾಗ ಇದಕ್ಕ ಏನಂತಾರ?” ಎಂದು ಕೇಳುವನು. “ಇಂಗ್ಲಿಷಿನವರು ಕಿವೀಲೆ ತಿನ್ನೂದಿಲ್ಲಪಾ” ಎಂದರೆ ಹೆಣ್ಣಾಳುಗಳು ನಗುವರು. ಆದರೆ ಮೊದಲಿನಂತೆ ಅವರು ವಸಂತನ ಹತ್ತಿರ ಕುಳಿತು ಬುತ್ತಿ ಬಿಚ್ಚುತ್ತಿರಲಿಲ್ಲ. ನನ್ನ ಹತ್ತಿರ ಬಂದು ಕೂರುತ್ತಿದ್ದರು. ಸಂಜೆ ಟೆಂಪೋ ಬಂದಾಗ ಬಾಪು ರೇಡಿಯೋದ ದನಿ ಏರಿಸುವನು. ವಸಂತ ಎದ್ದು ಹೋಗಿ ಅದನ್ನು ಇಳಿಸುವನು. “ಕೇಳಲಿ ಬಿಡೋ, ಗೊತ್ತಿಲ್ಲದ್ದ ಏನ ಹೇಳಾಕತ್ತಾರು?”

ಏಪ್ರಿಲ್ ಕೊನೆಯ ಒಂದು ಮುಂಜಾನೆ ಶಿವಗೌಡ ಬಂದ. ಕಸ್ತೂರಕ್ಕನ ಪಾರ್ಟಿಯ ಕೆಲಸ ನಮ್ಮೂರಲ್ಲಿ ನೋಡಿಕೊಳ್ಳುತ್ತಿದ್ದವನು. ಚಾ ಕುಡಿದು, ಕಪ್ಪು ಕೆಳಗಿಟ್ಟು, ನನ್ನ ಕಡೆಯೇ ತಿರುಗಿ ಮಾತಾಡಿದ.

“ಅಕ್ಕಾರ, ನೀವು ಓದಿದವ್ರು, ನಿಮಗ ತಿಳೀತೈತಿ. ನಾಳಿ ಕಸ್ತೂರಕ್ಕ ಊರಾಗ ಬರ್ತಾಳ. ಸಂಜಿಮುಂದ ಅಗಸಿ ಬಾಗಲ ಮುಂದ ಭಾಷಣ. ಬೆಳಗಾವ್ಯಾಗ ಅಂದದ್ದು ಬರೇ ಉದಾಹರಣಿಗಿ ಹೇಳಿದ್ದು, ನಮ್ಮೂರಾಗ ಅಂಥಾವ್ರು ಯಾರೂ ಇಲ್ಲ ಅಂತ ಒಂದ ಮಾತ ಅಂದ್ರ ಸಾಕು, ಅಣ್ಣಾಸಾಬನ ಟೆಂಪೋ ಬಂದ್. ಮ್ಯಾಲಿನವ್ರು ಹಂಗ ಹೇಳ್ಯಾರ.”

“ಆಕಿ ಒಪ್ಪ್ಯಾಳೇನು?”

“ಒಪ್ಪದ ಏನ ಮಾಡ್ತಾಳ್ರಿ? ಸೋಲು ಕಣ್ಣಿಗಿ ಕಾಣಾಕತ್ತೈತಿ.” ಆಮೇಲೆ ವಸಂತನ ಮುಖ ನೋಡದೆ, “ಮತ್ತ ವಸಂತಕಾಕಾ ಎಲೆಕ್ಷನ್ ಮುಗಿಯೂತನಾ ಭೋಜಕ್ಕ, ತಂಗಿ ಮನಿಗಿ ಹೋಗಿ ಬಂದ್ರ ಚಲೋ. ಮೆರವಣಿಗಿ ಈ ದಾರಿಲೆ ತರೂದಿಲ್ಲ, ಹಿಂದಿನ ಓಣೀಲೆ ಒಯ್ತೀವಿ. ಹೆಂಗೂ ನಿಮ್ಮನ್ಯಾಗ ಉಡಿ ತುಂಬಾವ್ರ ಯಾರ ಅದಾರ?” ಎಂದ.

ನಮ್ಮ ಕಡೆ ಹೆಣ್ಣುಮಗಳು ಓಟು ಕೇಳಲು ಬಂದರೆ ಮನೆಯ ಮುತ್ತೈದೆ ಆಕೆಯ ಸೆರಗಿನಲ್ಲಿ ಅಕ್ಕಿ, ಕಾಯಿ, ಕುಬಸದ ಖಣ ಹಾಕಿ ಉಡಿ ತುಂಬುತ್ತಾಳೆ. ಉಡಿ ತುಂಬಿದ ಮನೆ ನಮ್ಮ ಮನೆ ಎಂದು ಲೆಕ್ಕ. ಗಂಡ ಸತ್ತವರು ತುಂಬುವಂತಿಲ್ಲ. ಶಿವಗೌಡ ನನ್ನ ಬೋಳು ಹಣೆಯನ್ನು ನೋಡಿಯೇ ಆ ಮಾತು ಆಡಿದ್ದ.

“ಶಿವಗೌಡ, ಐ ಆಮ್ ಸಿಟ್ಟಿಂಗ್ ರೈಟ್ ಹಿಯರ್” ಎಂದೆ.

“ಅದಕ್ಕ ಅಂದ್ನಿರಿ ಅಕ್ಕಾರ” ಎಂದು ಆತ ಕೈಮುಗಿದು ಎದ್ದ.

ಆತ ಹೋದ ಮೇಲೆ ಬಾಪು ಚಾದ ಕಪ್ಪನ್ನು ಎತ್ತಿ ಬದಿಗಿಟ್ಟ. “ಆಕಿ ಸೋತ್ರ, ನಮ್ಮಿಂದ ಸೋತಳು ಅಂತಾರ. ಈ ಊರಾಗ ಮತ್ತ ಹೆಂಗ ಇರೂದು?”

“ಗೆದ್ರ?” ಎಂದೆ.

ಉತ್ತರ ಕೊಟ್ಟವನು ವಸಂತ. “ನಾವ ಇಲ್ಲ ಅಂತ ಹೇಳಿ ಗೆದ್ದಾಂಗಾತು, ಪದ್ದಕ್ಕಾ.” ಒಳಗೆ ಹೋಗಿ ಒಂದು ಕೈಚೀಲ ತಂದು ಬಾಗಿಲ ಬದಿಗೆ ಇಟ್ಟ. “ಮ್ಯಾಲಿನ ಬಲಿ ನಾಳಿ ಇಳಿಸಾಕ ಬರ್ತಾವು. ಇಳಿಸಿಕೊಟ್ಟು ಸಂಜಿ ಗಾಡಿಗಿ ಹೋಗ್ತೀನಿ.” ಆ ಕೈಚೀಲವನ್ನು ದಾಟುವಾಗಲೆಲ್ಲ ಇಬ್ಬರೂ ಮಲಗಿದ ಕೂಸನ್ನು ದಾಟಿದಂತೆ ಬದಿಗೆ ಸರಿದು ಹೋಗುತ್ತಿದ್ದರು.

ಮರುದಿನ ಮಧ್ಯಾಹ್ನ ಊಟವಾಗುವ ಹೊತ್ತಿಗೆ ತೆಂಕಣ ಮೂಲೆ ಕಪ್ಪಾಯಿತು. ಗಾಳಿ ಒಮ್ಮೆಲೇ ನಿಂತಿತು. ಕಾಲವಲ್ಲದ ಕಾಲದ ಅಡ್ಡಮಳೆ.

ಮಣೂಕದ ಸೀಮೆಯಲ್ಲಿ ಯಾರೂ ಬರೆದಿಡದ ಕಟ್ಟಳೆಯೊಂದಿದೆ. ಹಣ್ಣು ಬಲೆಯ ಮೇಲಿರುವಾಗ ಮೋಡ ಕಟ್ಟಿದರೆ, ದಾರಿಯಲ್ಲಿ ಹೋಗುವವರು ಯಾರೇ ಇರಲಿ, ಹತ್ತಿರದ ಶೆಡ್ಡಿಗೆ ಓಡಿ ತಾಡಪಾಲು ಇಳಿಸಬೇಕು. ಬದುವಿನ ಜಗಳ, ಕೋರ್ಟಿನ ಕೇಸು, ಎಲ್ಲ ಆಮೇಲೆ. ನೀರು ತಗುಲಿದ ಮಣೂಕ ಕಪ್ಪಾಗುತ್ತದೆ, ವರ್ಷದ ದುಡಿಮೆ ಹಾಳಾಗುತ್ತದೆ. ಹಿಂದಿನ ಓಣಿಯಲ್ಲಿ ಕಸ್ತೂರಕ್ಕನ ಮೆರವಣಿಗೆ, ದೊಡ್ಡ ದಾರಿಯಲ್ಲಿ ಅಣ್ಣಾಸಾಬನ ಟೆಂಪೋ. ಮೊದಲ ಗುಡುಗಿಗೆ ಎರಡೂ ಕಡೆಯ ಜಯಕಾರ ನಿಂತಿತು. “ಹಣ್ಣಾ ಹಣ್ಣಾ!” ಎಂದು ಕೂಗುತ್ತ ಜನ ನಾಲ್ಕು ದಿಕ್ಕಿಗೆ ಓಡಿದರು. ನಮ್ಮ ಶೆಡ್ಡಿನ ಕಂಬಕ್ಕೆ ಎರಡೂ ಪಾರ್ಟಿಯ ಧ್ವಜಗಳು ಒರಗಿ ನಿಂತವು. ಅಣ್ಣಾಸಾಬ ತನ್ನ ಶೆಡ್ಡಿಗೆ ಆಳುಗಳಿದ್ದಾರೆಂದು ನಮ್ಮ ಪಡುವಣ ಬದಿಯ ಹಗ್ಗ ಹಿಡಿದ. ಅವನ ಪಕ್ಕದ ಹಗ್ಗಕ್ಕೆ ಸೆರಗು ಸೊಂಟಕ್ಕೆ ಸಿಕ್ಕಿಸಿದ ಹೆಂಗಸೊಬ್ಬಳು ಜೋತುಬಿದ್ದಿದ್ದಳು. ನೋಡಿದರೆ ಕಸ್ತೂರಕ್ಕ. ಹಿಂದಿನಿಂದ ಶಿವಗೌಡ “ಅಕ್ಕಾ ಇಲ್ಲಿ ಬ್ಯಾಡ, ಇಲ್ಲಿ ಬ್ಯಾಡ” ಎನ್ನುತ್ತಲೇ ಇದ್ದ, ಅವನ ಕೈಯೂ ಹಗ್ಗದ ಮೇಲೆಯೇ ಇತ್ತು.

ತಾಡಪಾಲು ಇಳಿದವು, ಮಳೆ ಬಿತ್ತು. ಶೆಡ್ಡಿನೊಳಗೆ ಅರ್ಧ ಊರು ನಿಂತಿತ್ತು. ಗಾಳಿ ಪಡುವಣದಿಂದ ಹೊಡೆಯುತ್ತಿದ್ದುದರಿಂದ ಆ ಬದಿಯವರು ಹಗ್ಗ ಬಿಡುವಂತಿರಲಿಲ್ಲ. ಅಣ್ಣಾಸಾಬನಿಗೆ ಸುಮ್ಮನೆ ನಿಂತು ಗೊತ್ತಿಲ್ಲ.

“ಏನ್ರಿ ಅಕ್ಕಾರ, ಬೆಳಗಾವ್ಯಾಗ ಹೇಳಿದ್ರೆಲ್ಲ, ಆ ಇಬ್ರು ಯಾರ್ರಿ? ಸಂಜಿಗಿ ಯಾರೂ ಅಲ್ಲ ಅಂತ ಹೇಳಾವ್ರು ಅಂತಲ್ಲ? ಇಲ್ಲೇ ಹೇಳಿ ಬಿಡ್ರಿ, ಮೈಕಿನ ಖರ್ಚ ಉಳೀತೈತಿ!”

ಕೆಲವರು ನಕ್ಕರು. ಕಸ್ತೂರಕ್ಕ ಅವನನ್ನು ನೋಡಲಿಲ್ಲ. ತಲೆ ಎತ್ತಿ ಮೇಲೆ ನೋಡಿದಳು. ಮೇಲಿನ ಬಲೆಯ ಅಂಚಿನಲ್ಲಿ ಬಾಪು ಕುಳಿತಿದ್ದ, ತಗಡು ಸೋರುವಲ್ಲಿ ಗೋಣಿಚೀಲ ತುರುಕುತ್ತ. ವಸಂತ ಕೆಳಗೆ ಏಣಿ ಹಿಡಿದಿದ್ದ. ಹೇಳಲೋ ಬೇಡವೋ ಎಂದು ಆಕೆ ಬಾಪುವನ್ನು ಕೇಳುತ್ತಿದ್ದಾಳೆಂದು ನನಗನಿಸಿತು.

“ಆಕೀನ್ನ ಯಾಕ ಕೇಳ್ತಿ ಅಣ್ಣಾಸಾಬ?” ಎಂದ ಬಾಪು. ಅವನು ದನಿ ಏರಿಸುವವನಲ್ಲ. ತಗಡಿನ ಮೇಲಿನ ಮಳೆಯನ್ನು ಮೀರಿಸಲು ಏರಿಸಿದ. “ಶೆಡ್ ನಂದೈತಿ. ನನ್ನ ಕೇಳ. ಆ ಇಬ್ರು ನಾವ. ನಾನು, ವಸಂತ.”

ಏಣಿ ಒಮ್ಮೆ ಅಲುಗಿತು. ವಸಂತ ಅದನ್ನು ಮತ್ತೆ ಗಟ್ಟಿ ಹಿಡಿದ.

“ಬಾಪುಕಾಕಾ” ಎಂದಳು ಕಸ್ತೂರಕ್ಕ, “ನಿಮ್ಮನ್ನ ಒಂದ ಮಾತ ಕೇಳದ ಹೇಳಿಬಿಟ್ಟೆ. ಅದು ನನ್ನ ತಪ್ಪು. ಹೇಳಿದ್ದು ತಪ್ಪಲ್ಲ. ಸಂಜಿಗೂ ಅದನ್ನ ಹೇಳಾಕಿ, ಮೈಕ್ ಹಚ್ಚೇ ಹೇಳಾಕಿ.” ಆಮೇಲೆ ಪಕ್ಕಕ್ಕೆ ತಿರುಗಿ, “ಅಣ್ಣಾಸಾಬ, ನಿಮ್ಮ ಮನ್ಯಾವ್ರು ದವಾಖಾನ್ಯಾಗ ಇದ್ದಾಗ ರುಜು ಮಾಡಬ್ಯಾಡ ಅಂತ ನಿಮ್ಮನ್ನ ಯಾರರೆ ತಡದಾರೇನು?”

ಅಣ್ಣಾಸಾಬ ಉತ್ತರ ಕೊಡಲು ಕೈ ಎತ್ತಿದ. ಹಗ್ಗ ಜಾರಿತು, ತಾಡಪಾಲು ಪಟ್ಟೆಂದು ಹಾರಿತು, ಮಳೆ ಒಳಗೆ ನುಗ್ಗಿತು.

“ಹಗ್ಗ ಬಿಡಬ್ಯಾಡೋ ಅಣ್ಣಾಸಾಬ! ಅರೇ ದೇವಾ, ಹಗ್ಗ!” ವಸಂತ ಏಣಿ ಹಿಡಿದುಕೊಂಡೇ ಕೂಗಿದ. ಅಣ್ಣಾಸಾಬ ಎರಡೂ ಕೈಯಲ್ಲಿ ಹಗ್ಗಕ್ಕೆ ಬಿದ್ದ. ಜನವೆಲ್ಲ ನಕ್ಕಿತು. ಮುಖದ ಮೇಲಿನ ನೀರು ಒರೆಸಲೂ ಕೈಯಿಲ್ಲದೆ ಅವನೂ ನಕ್ಕ.

ಮಳೆ ನಿಂತು ಹೊಳವಾದಾಗ ಕಸ್ತೂರಕ್ಕ ಹೊರಡಲು ನಿಂತಳು. ಹೆಣ್ಣಾಳೊಬ್ಬಳು, “ಮನಿ ಬಾಗಲಕ್ಕ ಬಂದಾಕೀನ್ನ ಬರೀ ಉಡೀಲೆ ಕಳಸ್ತೀರೇನ್ರಿ?” ಎಂದಳು. ಎಲ್ಲರೂ ನನ್ನನ್ನು ನೋಡಿದರು. ನಾನು ಹಣೆ ಮುಟ್ಟಿಕೊಂಡೆ.

“ಈ ಮನ್ಯಾಗ ಒಲಿ ಮುಂದ ನಿಂದ್ರಾವ್ರು ಯಾರ್ರಿ ಪದ್ದಕ್ಕಾ?” ಎಂದು ಕೇಳಿದಳು ಕಸ್ತೂರಕ್ಕ.

“ವಸಂತ” ಎಂದೆ.

“ಹಂಗಾರ ಅವ್ರ ತುಂಬ್ಲಿ.” ಸೊಂಟದಿಂದ ಸೆರಗು ಬಿಡಿಸಿ, ಎರಡೂ ಕೈಯಲ್ಲಿ ಹಿಡಿದು ವಸಂತನ ಮುಂದೆ ನಿಂತಳು.

ಗಂಡಸು ಉಡಿ ತುಂಬಿದ್ದನ್ನು ನಾನು ಕಂಡವಳಲ್ಲ, ಆ ಊರೂ ಕಂಡಿರಲಿಲ್ಲ. ವಸಂತ ಕೈ ಒರೆಸಿಕೊಳ್ಳುತ್ತ ನಿಂತ. “ಅಕ್ಕಿ ಮನ್ಯಾಗ ಅದಾವ್ರಿ. ಇಲ್ಲಿ ಬರೇ ಮಣೂಕ.”

“ಯಾಕ, ನಿಮ್ಮ ಮಣೂಕ ಹುಳಿ ಅದಾವೇನು?”

“ಹುಳಿ? ನಮ್ಮವು?” ವಸಂತನಿಗೆ ಸಿಟ್ಟೇ ಬಂತು. ಹೋಗಿ ಒಣಗಿದ ರಾಶಿಯಿಂದ ಬೊಗಸೆ ತುಂಬ ಎತ್ತಿ, ರೂಢಿ ತಪ್ಪದೆ ಕಿವಿಗೆ ಹಿಡಿದು ಅಲ್ಲಾಡಿಸಿ, ಐದು ಸಲ ಆ ಸೆರಗಿಗೆ ಸುರಿದ. ಕುಬಸದ ಖಣದ ಬದಲು ನಾನು ನನ್ನ ಬ್ಯಾಗಿನಿಂದ ಹ್ಯಾಂಕಿ ತೆಗೆದು ಮೇಲಿಟ್ಟೆ. ಕಾನ್ವೆಂಟಿನಲ್ಲಿ ಕಲಿತ ಹೊಲಿಗೆ, ಮೂಲೆಯಲ್ಲಿ ನೀಲಿ ಹೂ. ವಿಧವೆ ಇಡಬಾರದು ಎಂದು ಯಾರೂ ಅನ್ನಲಿಲ್ಲ. ಅಂಥದ್ದೆಲ್ಲ ಆ ಹೊತ್ತಿನಲ್ಲಿ ಯಾರಿಗೂ ನೆನಪಾಗಲಿಲ್ಲವೇನೋ.

ಸಂಜೆ ಅಗಸಿಯ ಮುಂದೆ ಆಕೆ ಅದೇ ಮಾತನ್ನು ಮೈಕಿನಲ್ಲಿ ಹೇಳಿದಳು. ಚಪ್ಪಾಳೆ ಹೆಚ್ಚು ಬೀಳಲಿಲ್ಲ. ಕೆಲವರು ಎದ್ದು ಹೋದರು. ಶಿವಗೌಡ ತಲೆಯ ಮೇಲೆ ಕೈಹೊತ್ತು ಕುಳಿತ. ನಾವು ಮೂವರೂ ಹಿಂದೆ ಗೋಡೆಗೆ ಒರಗಿ ನಿಂತು ಕೊನೆಯ ತನಕ ಕೇಳಿದೆವು. ಮನೆಗೆ ಬಂದಾಗ ಭೋಜದ ಗಾಡಿ ಹೋಗಿಬಿಟ್ಟಿತ್ತು. ಬಾಪು ಬಾಗಿಲ ಬದಿಯ ಕೈಚೀಲವನ್ನು ಎತ್ತಿಕೊಂಡು ಹೋಗಿ, ಅದರೊಳಗಿನ ಅಂಗಿಗಳನ್ನು ಒಂದೊಂದಾಗಿ ಗೂಟಕ್ಕೆ ಹಾಕಿದ.

ಎಣಿಕೆಯ ದಿನ ಟಿವಿ ಹಚ್ಚಿಟ್ಟುಕೊಂಡು ಮಣೂಕ ಆರಿಸುತ್ತ ಕುಳಿತೆವು. ಮೊದಲ ಸುತ್ತುಗಳಲ್ಲಿ ಕಸ್ತೂರಕ್ಕ ಹಿಂದೆ. ಬಾಪು ನೋಡಲಾರೆ ಎಂದು ಎದ್ದು ತೋಟಕ್ಕೆ ಹೋದ. ಮಧ್ಯಾಹ್ನದ ಹೊತ್ತಿಗೆ ಅಂತರ ಕರಗಿತು, ಆಮೇಲೆ ತಿರುಗಿತು. ಗೆದ್ದಳು, ತೀರ ತೆಳುವಾಗಿ. ಶಿವಗೌಡನ ಫೋನ್ ಬಂತು: “ನಮ್ಮೂರಾಗ ಓಟ ಕಡಿಮಿ ಬಿದ್ದಾವ್ರಿ ಅಕ್ಕಾರ. ಆದ್ರ ನಾ ಅಂಜಿದಷ್ಟ ಅಲ್ಲ. ಉಳಕೊಂಡ್ವಿ.” ವಸಂತ ತೋಟಕ್ಕೆ ಓಡಿದ. ನಾನು ಬಾಗಿಲಿನಿಂದಲೇ ನೋಡಿದೆ. ಬಳ್ಳಿಯ ಸಾಲಿನ ನಡುವೆ ವಸಂತ ಏನೋ ಹೇಳಿದ. ಬಾಪು ತಲೆಯ ಟೋಪಿ ತೆಗೆದು, ಮಣ್ಣಿನ ಮೇಲೆ ಹಾಗೇ ಕುಳಿತುಬಿಟ್ಟ. ಬಹಳ ಹೊತ್ತಿನ ಮೇಲೆ ಇಬ್ಬರೂ ಬಂದರು. ಹೊತ್ತು ಮುಳುಗುವುದರೊಳಗೆ ವಸಂತ ಶಿರಾ ಮಾಡಿದ. ಅದರಲ್ಲಿ ಬರೇ ಮಣೂಕವೇ ಇತ್ತು, ರವೆ ಹುಡುಕಬೇಕಿತ್ತು.

ಕಾಯ್ದೆ ಏನೂ ಬದಲಾಗಿಲ್ಲ. ಕಸ್ತೂರಕ್ಕ ಆ ವಿಷಯ ಮತ್ತೆ ಎತ್ತಿದಳು, ನೋಡೋಣ ಎಂದರು. ಮುಂದಿನ ಸಲ ಆಕೆಗೆ ಟಿಕೆಟ್ ಸಿಗುವುದು ಕಷ್ಟ ಎಂದು ರಾಯಬಾಗದಿಂದ ಕಾಗವಾಡದವರೆಗೆ ಚಾದಂಗಡಿಗಳಲ್ಲಿ ಮಾತಿದೆ. ಇರಬಹುದು. ಪಾಲಿಟಿಕ್ಸ್ ನನಗೆ ತಿಳಿಯುವುದಿಲ್ಲ. ಹೆಣ್ಣಾಳುಗಳು ಈಗ ಮತ್ತೆ ವಸಂತನ ಹತ್ತಿರ ಕುಳಿತೇ ಬುತ್ತಿ ಬಿಚ್ಚುತ್ತಾರೆ. ಅದು ಮಾತ್ರ ನನಗೆ ತಿಳಿಯುತ್ತದೆ.

ಈ ಮಾರ್ಚಿನಲ್ಲಿ ನಾನು ಹೋದಾಗ ಊರಲ್ಲಿ ಪಂಚಾಯತಿ ಚುನಾವಣೆಯ ಓಡಾಟ. ಮುಂಜಾನೆ ಅಂಗಳದಲ್ಲಿ ಕುಳಿತಿದ್ದೆವು. ಅಣ್ಣಾಸಾಬನ ಸೊಸೆ ನಾಲ್ಕು ಹೆಂಗಸರ ಜೊತೆ ಓಟು ಕೇಳಲು ಬಂದಳು. ಮದುವೆಯಾಗಿ ಬಂದು ಎರಡು ವರ್ಷವಾಗಿಲ್ಲ. ಆ ಬೇಸಿಗೆಯಲ್ಲಿ ಈ ಊರಲ್ಲಿ ಇದ್ದವಳೇ ಅಲ್ಲ. ನನಗೆ ನಮಸ್ಕಾರ ಮಾಡಿ, ಬಾಪುವಿಗೆ ನಮಸ್ಕಾರ ಮಾಡಿ, ನೆಟ್ಟಗೆ ಅಡಿಗೆಮನೆಯ ಬಾಗಿಲಿಗೆ ಹೋಗಿ ಸೆರಗು ಹಿಡಿದು ನಿಂತಳು.

“ವಸಂತಕಾಕಾ, ಲಗೂನ ಉಡಿ ತುಂಬ್ರಿ. ಇನ್ನೂ ಆ ಓಣಿ ಪೂರಾ ಐತಿ.”

ವಸಂತ ಹಿಟ್ಟಿನ ಕೈಯಲ್ಲೇ ಹೊರಗೆ ಬಂದ. “ಅಕ್ಕಿ ಹಾಕ್ಲೋ, ಮಣೂಕ ಹಾಕ್ಲೋ?”

ಆಕೆಗೆ ಅವನ ಪ್ರಶ್ನೆಯೇ ವಿಚಿತ್ರವೆನಿಸಿತು. “ನನ್ನೇನ ಕೇಳ್ತೀರ್ರಿ ಕಾಕಾ? ನಿಮ್ಮನಿ ರೂಢಿ ಏನೈತಿ, ಅದನ್ನ ಹಾಕ್ರಿ.”

ಬಾಪು ಆಗಲೇ ಮಣೂಕದ ಡಬ್ಬಿ ತರಲು ಎದ್ದಿದ್ದ.